ಕರಿಯನ ಹೊಲ ಕೆರೆಯಾದದ್ದು

ಅಬ್ದುಲ್ ಮಜೀದ್ ಇಪ್ಪತ್ತೊಂಬತ್ತು ವರ್ಷ ಸರ್ಕಾರಿ ದಾಖಲೆ ಕೊಠಡಿಯಲ್ಲಿ ದುಡಿದರು. ತರೀಕೆರೆಯ ಮನೆಯಲ್ಲಿ ಅವರದು ದಖ್ನಿ ಮಾತು. ಕಚೇರಿಯಲ್ಲಿ ಹಳೆಯ ಶಾನುಭೋಗರ ಕೈಬರಹ. ಯಾವ ಊರಿನ ಶಾನುಭೋಗ ಅಕ್ಷರದ ಗುಡಿಸನ್ನು ಹೇಗೆ ಎಳೆಯುತ್ತಿದ್ದ ಎಂಬುದೂ ಅವರಿಗೆ ಗೊತ್ತಿತ್ತು. ವಕೀಲರೂ ಅವರ ಹತ್ತಿರ ಓದಿಸಿಕೊಂಡು ಹೋಗುತ್ತಿದ್ದರು.

ಹೋದ ವರ್ಷ ಓದುವ ಕೆಲಸ ಎಐಗೆ ಹೋಯಿತು. ಪುಟ ಸ್ಕ್ಯಾನ್ ಮಾಡಿದರೆ ಅದೇ ಓದಿ ಟೈಪು ಮಾಡುತ್ತಿತ್ತು. ಮಜೀದರು ಎರಡನ್ನೂ ಹೋಲಿಸಿ 'ಸರಿ' ಒತ್ತಬೇಕು. ದಿನಕ್ಕೆ ಆರುನೂರು ಪುಟ. ಮೊದಲ ವಾರ ಎಂಬತ್ತು ದಾಟಲಿಲ್ಲ. ಮೇಲಿನಿಂದ ನೋಟಿಸ್ ಬಂತು. ಆಮೇಲೆ ನೋಡದೆಯೇ ಒತ್ತತೊಡಗಿದರು.

ಒಂದು ಬೆಳಿಗ್ಗೆ ಬುಕ್ಕಾಂಬುಧಿ ಕಡೆಯ ಜವರಮ್ಮ ತೆರವಿನ ನೋಟಿಸ್ ಹಿಡಿದು ಬಂದಳು. ಅವಳ ಅಜ್ಜ ಕರಿಯನಿಗೆ ಸರ್ಕಾರವೇ ಕೊಟ್ಟಿದ್ದ ಎರಡು ಎಕರೆ ಈಗ ಕೆರೆಯ ಒತ್ತುವರಿಯಂತೆ.

"ಇದೇ ವಾರ ಬಿಡ್ಬೇಕಂತೆ ಸಾಬ್ರೇ. ರಾಗಿ ತೆನೆ ಕಟ್ಟೈತೆ."

ಮಜೀದರು ಕಂಪ್ಯೂಟರ್ ತೆರೆದರು. ಶಾನುಭೋಗರ ಹಳೆಯ ಪುಸ್ತಕದಲ್ಲಿ 'ಕರಿಯನ ಜಮೀನು' ಎಂದಿದ್ದುದನ್ನು ಯಂತ್ರ 'ಕೆರೆಯ ಜಮೀನು' ಎಂದು ಓದಿತ್ತು. ಪರಿಶೀಲಿಸಿದವರ ಜಾಗದಲ್ಲಿ ಅವರದೇ ಹೆಸರು.

"ಮಿಷನ್ನು ತಪ್ಪು ಓದೈತೆ ಕಣಮ್ಮ. ಸರಿ ಅಂದೋನು ನಾನು," ಎಂದರು. ಎದ್ದು ಮೇಲಧಿಕಾರಿಯ ಹತ್ತಿರ ಹೋದರು.

ಶಿರಸ್ತೇದಾರ್ ತೀರ್ಥಪ್ಪ ಕೈಚೆಲ್ಲಿದರು. "ಓಕೆ ಆದ್ಮೇಲೆ ನಮ್ಮ ಲಾಗಿನ್‌ನಲ್ಲಿ ತಿದ್ದಕ್ಕೆ ಬರಲ್ಲ. ಅವರು ಅಪೀಲು ಹಾಕ್ಲಿ."

"ಅಷ್ಟರಲ್ಲಿ ಹೊಲ ಹೋಗ್ತದೆ ಸಾರ್."

"ನಾನೇನ್ರೀ ಮಾಡ್ಲಿ?"

ಮಜೀದರು ಅಲ್ಲೇ ಕುಳಿತು, ಈ ಪುಟವನ್ನೂ ಇಂಥ ಸಾವಿರಾರು ಪುಟಗಳನ್ನೂ ನೋಡದೆ ಒಪ್ಪಿದ್ದೇನೆ ಎಂದು ಬರೆದರು. ತೀರ್ಥಪ್ಪ ಕಾಗದವನ್ನು ಹಿಂದಕ್ಕೆ ಸರಿಸಿದರು. "ರಿಟೈರ್ ಆಗಕ್ಕೆ ಏಳು ತಿಂಗ್ಳು ಐತೆ. ಇದನ್ನ ಕೊಟ್ರೆ ಸಸ್ಪೆಂಡ್ ಆಗ್ತೀರ." ಮಜೀದರು ಅದನ್ನು ಕಚೇರಿಯ ಟಪಾಲಿಗೆ ಕೊಟ್ಟು ಮೊಹರು ಹಾಕಿಸಿಕೊಂಡರು.

ನಾಲ್ಕನೇ ದಿನ ಅಮಾನತು ಆಯಿತು. ಐದನೇ ದಿನ ಹೊಲಕ್ಕೆ ಜೆಸಿಬಿ ಬಂತು. ಮಜೀದರು ಪುಸ್ತಕದ ನಕಲನ್ನು ಸರ್ವೆಯವನ ಮುಂದೆ ಹಿಡಿದು, ಒಂದೊಂದೇ ಅಕ್ಷರ ತೋರಿಸಿ ಓದಿದರು. ಅವನು ಟ್ಯಾಬ್ ತಿರುಗಿಸಿ, "ಇದ್ರಲ್ಲಿ ಕೆರೆ ಅಂತೈತೆ ಕಣ್ರೀ," ಎಂದ. ಜವರಮ್ಮ ಬದುವಿನ ಮೇಲೆ ಕುಕ್ಕರಿಸಿದಳು. ಅರ್ಧ ಗಂಟೆಯಲ್ಲಿ ರಾಗಿ ಮಣ್ಣಾಯಿತು.

ಅಪೀಲು ಇನ್ನೂ ನಡೆದಿದೆ. ಪ್ರತಿ ವಾಯಿದೆಗೂ ಮಜೀದರು ಜವರಮ್ಮನ ಜೊತೆ ಹೋಗುತ್ತಾರೆ. ಆ ಪುಟ ಓದಿ ಎಂದು ಇದುವರೆಗೆ ಯಾರೂ ಅವರನ್ನು ಕೇಳಿಲ್ಲ. ತಾವು ಒತ್ತಿದ ಉಳಿದ ಪುಟಗಳಲ್ಲಿ ಇನ್ಯಾರ ಹೊಲ ಹೋಗಿದೆಯೋ ನೋಡೋಣವೆಂದರೆ, ಅವರ ಲಾಗಿನ್ ಮುಚ್ಚಿದ್ದಾರೆ.