ಗ್ಲಾಸಿನ ತಳದ ಕರಿ ಚುಕ್ಕೆ

ನನ್ನನ್ನು ಯಾರೂ ಒತ್ತಾಯಿಸಲಿಲ್ಲ. ಮಸ್ಕಿಯ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ನಿಮ್ಮ ಕೇರಿಯವರಿಗೆಂದು ಬೇರೆ ಇಟ್ಟಿದ್ದ ಚಹಾ ಗ್ಲಾಸುಗಳ ತಳಕ್ಕೆ ಅಳಿಸಲಾಗದ ಕರಿ ಚುಕ್ಕೆ ಹಾಕಿದವನು ನಾನು. ಆ ಉಪಾಯ ಹೇಳಿಕೊಟ್ಟವನೂ ನಾನೇ. ಯಲ್ಲಪ್ಪ, ಮೊದಲನೆಯದು ನಿನಗೆ ಗೊತ್ತು. ಎರಡನೆಯದು ಗೊತ್ತಿಲ್ಲ. "ಪತ್ತಾರ ಏನ್ ಮಾಡ್ಯಾನು ಪಾಪ, ಸಾವಕಾರ ಹೆದರಿಸಿರಬೇಕು" ಎಂದು ನಿಮ್ಮ ಕೇರಿಯವರೇ ಯಾರೋ ಅಂದರಂತೆ. ಆ ಮಾತಿನ ಮರೆಯಲ್ಲಿ ಇಷ್ಟು ವರ್ಷ ಬೆಚ್ಚಗೆ ಕೂತಿದ್ದೆ. ಹೆದರಿಸಿದ್ದರೆ ಎಷ್ಟೋ ಚೆನ್ನಾಗಿತ್ತು — ಬೈಯಲು ನನಗೂ ಒಬ್ಬ ಸಿಗುತ್ತಿದ್ದ.

ಓದುವವರು ಈಗಲೇ ಮರುಗಲು ಹೊರಡಬೇಡಿ. ನಿಮ್ಮ ಮರುಕ ನನಗೆ ಬೇಕಿಲ್ಲ, ಯಲ್ಲಪ್ಪನಿಗಂತೂ ಮೊದಲೇ ಬೇಕಿಲ್ಲ.

ನಾವಿಬ್ಬರೂ ಒಂದೇ ಶಾಲೆಯಲ್ಲಿ ಕಲಿತವರು. ನಾನು ಅಪ್ಪನ ಅಕ್ಕಸಾಲೆಯಲ್ಲಿ ಕೂತು ಪತ್ತಾರನಾದೆ, ನೀನು ಲಾರಿಯ ಸ್ಟಿಯರಿಂಗ್ ಹಿಡಿದೆ. ಸಿಂಧನೂರಿನ ಭತ್ತ ಹೊತ್ತುಕೊಂಡು ಊರೂರು ತಿರುಗಿ ಬಂದವನಿಗೆ ನಮ್ಮೂರ ಹೋಟೆಲಿನ ಗೋಡೆಯ ಗೂಡಿನಲ್ಲಿ ಬೇರೆ ಇಟ್ಟ ಸೀಳು ಗ್ಲಾಸು ಕಂಡು ಮೈ ಉರಿಯಿತು. ನೀನು ಲಿಂಗಸುಗೂರಿನ ತಾಲೂಕು ಕಚೇರಿಗೆ ಹೋಗಿ ಅರ್ಜಿ ಕೊಟ್ಟೆ. ಸಾಹೇಬರು ಜೀಪಿನಲ್ಲಿ ಬಂದು ಹೋಟೆಲಿನ ಸಾವಕಾರನನ್ನು ನಾಲ್ಕು ಮಂದಿಯ ಎದುರು ಗದರಿಸಿದರು. ಗೂಡು ಖಾಲಿಯಾಯಿತು. ಆವತ್ತು ಊರಿನಲ್ಲಿ ನಿನ್ನ ಹೆಸರೇ ಹೆಸರು. ನನಗೆ ಖುಷಿಯಾಯಿತೇ? ಇಲ್ಲ. ಹೊಟ್ಟೆಕಿಚ್ಚಾಯಿತು. ಇದನ್ನು ಬರೆಯಲು ಕೈ ಹಿಂದೆಗೆಯುತ್ತಿದೆ, ಆದರೂ ಬರೆದಿದ್ದೇನೆ.

ಸಾವಕಾರ ಸುಮ್ಮನೆ ಕೂಡುವವನಲ್ಲ. ಎಲ್ಲರಿಗೂ ಒಂದೇ ನಮೂನೆಯ ಹೊಸ ಗ್ಲಾಸು ತಂದ. ನಿಮಗೆ ಕೊಡುವವುಗಳ ತಳಕ್ಕೆ ಮಾತ್ರ ಗುಟ್ಟಾಗಿ ಬಣ್ಣದ ಬೊಟ್ಟು ಹಚ್ಚಿದ. ನನ್ನ ಅಂಗಡಿಗೆ ಬಂದದ್ದು ಹೆಂಡತಿಯ ಬುಗುಡಿ ರಿಪೇರಿಗೆ. ಮಾತಿನ ನಡುವೆ ಗೊಣಗಿದ: "ಬಣ್ಣ ನಿಲ್ಲವಲ್ದು ಪತ್ತಾರ್ರ. ತೊಳಿಯೋ ಹುಡುಗ್ರು ತಿಕ್ಕಿ ತಿಕ್ಕಿ ಅಳಿಸಿಬಿಡ್ತಾರ. ಯಾವುದು ಯಾರದ್ದಂತ ತಿಳಿಯದಂಗ ಆಗೈತಿ."

ಅಷ್ಟೇ. ಕೇಳಿ ಸುಮ್ಮನಿರಬಹುದಿತ್ತು. "ನಾಚಿಕಿ ಬರಂಗಿಲ್ಲೇನ್ರಿ" ಅನ್ನಬಹುದಿತ್ತು. ನಾನು ಅಂದದ್ದು ಇದು — "ಬಣ್ಣ ಎಲ್ಲಿ ನಿಲ್ಲತೈತ್ರಿ? ಮೀನಾ ಹಾಕಿ ಸುಡಬೇಕು. ಗ್ಲಾಸು ಒಡೆದರೂ ಚುಕ್ಕಿ ಹೋಗಂಗಿಲ್ಲ."

ಬೆಳ್ಳಿ ಒಡವೆಯ ಮೇಲೆ ಕರಗಿಸಿ ಕೂಡಿಸುವ ಬಣ್ಣದ ಗಾಜಿನ ಪುಡಿಗೆ ನಾವು ಮೀನಾ ಅನ್ನುತ್ತೇವೆ. ಕರಿ ಮೀನಾವನ್ನು ನುಣ್ಣಗೆ ಅರೆದು, ಅಂಟುನೀರಲ್ಲಿ ಕಲಸಿ, ಸೂಜಿಯ ಮೊನೆಯಿಂದ ಸಾವಕಾರ ತಂದುಕೊಟ್ಟ ಗ್ಲಾಸುಗಳ ತಳಕ್ಕೆ ಇಟ್ಟು ಕಾಯಿಸಿದೆ. ಮೊದಲಿನವು ಪಟಪಟ ಸೀಳಿದವು. ಒಡವೆಯ ಲೋಹ ತಡೆಯುವ ಬೆಂಕಿಯನ್ನು ಗಾಜು ತಡೆಯುವುದಿಲ್ಲ. ಆಮೇಲಿನವು ಉಳಿದವು, ಚುಕ್ಕೆ ಮಾತ್ರ ಹಕ್ಕಳೆಯಂತೆ ಎದ್ದು ಬಂತು. ನಾನು ಬಿಡಲಿಲ್ಲ. ಚುಕ್ಕೆ ಕೂಡುವ ಜಾಗವನ್ನು ಅರದಿಂದ ಒರಟು ಮಾಡಿದೆ; ಗ್ಲಾಸನ್ನು ಮಣ್ಣಿನ ಗಡಿಗೆಯೊಳಗಿಟ್ಟು ಇದ್ದಿಲ ಕಾವು ನಿಧಾನ ಏರಿಸಿದೆ; ಮೀನಾ ಕರಗಿ ಹೊಳೆದ ಮೇಲೆ ಬಿಸಿ ಬೂದಿಯಲ್ಲಿ ಹೂತು ತಾನಾಗಿ ಆರಲು ಬಿಟ್ಟೆ. ತೆಗೆದು ಮರಳು ಹಾಕಿ ತಿಕ್ಕಿದೆ, ಉಗುರಿನಿಂದ ಕೆರೆದೆ, ಕುದಿಯುವ ಸೋಡಾ ನೀರಿನಲ್ಲಿ ಅದ್ದಿದೆ. ಎಳ್ಳಿನಷ್ಟು ಕರಿ ಚುಕ್ಕೆ ಅಲ್ಲಾಡಲಿಲ್ಲ. ಆ ದಿನ ನಾನು ಹಿಗ್ಗಿದ್ದೆ, ಯಲ್ಲಪ್ಪ. ಹೆಂಡತಿಯನ್ನು ಕರೆದು ತೋರಿಸಿದ್ದೆ. ಯಾತಕ್ಕೆಂದು ಅವಳು ಕೇಳಿದಾಗ ಗ್ಲಾಸನ್ನು ಬಟ್ಟೆಯಲ್ಲಿ ಸುತ್ತಿಟ್ಟೆ.

ಚುಕ್ಕೆಯ ಗ್ಲಾಸುಗಳು ಬಳಕೆಗೆ ಬಂದ ಮೇಲೆ ನೀನೇ ನನ್ನನ್ನು ಹೋಟೆಲಿಗೆ ಎಳೆದುಕೊಂಡು ಹೋದೆ. ಒಳಗೆ, ಎಲ್ಲರ ನಡುವೆ, ಬೆಂಚಿನ ಮೇಲೆ ಕೂತೆವು. ನೀನು ಗ್ಲಾಸು ಎತ್ತಿ ಹಿಡಿದು ನಕ್ಕೆ: "ಮುಗೀತು ನೋಡ್ಲೇ ಈರಣ್ಣ. ಈಗ ನಿನ್ನ ಗ್ಲಾಸೂ ನನ್ನ ಗ್ಲಾಸೂ ಒಂದ!" ನೀನು ಎತ್ತಿ ಹಿಡಿದಿದ್ದರಿಂದಲೇ ಚುಕ್ಕೆ ನನ್ನ ಕಣ್ಣಿಗೆ ನೇರ ಬಿತ್ತು. ನಾನೂ ನಕ್ಕೆ. ಗಲ್ಲಾದಲ್ಲಿ ಕೂತ ಸಾವಕಾರನೂ ನಕ್ಕ. ಮರುದಿನ ನೀನು ಲಿಂಗಸುಗೂರಿಗೆ ಹೋಗಿ ಅರ್ಜಿ ವಾಪಸು ತಗೊಂಡೆ. ನಿನ್ನ ಅವ್ವ ಒಬ್ಬಳೇ ತಲೆಯಾಡಿಸಿದಳಂತೆ — "ಅಂವ ಬದಲಾಗ್ಯಾನಂದ್ರ ನಾ ನಂಬಂಗಿಲ್ಲೋ ಮಗನ." ಮುದುಕಿಗೆ ಬುದ್ಧಿ ಇಲ್ಲವೆಂದು ನೀನು ಅವಳನ್ನೇ ಬೈದೆ. ಅದನ್ನು ನಗುತ್ತಾ ನನಗೆ ಹೇಳಿದೆ ಕೂಡ. ಆಗಲೂ ನಾನು ಬಾಯಿ ಬಿಡಲಿಲ್ಲ. ಅವಳು ಸಾಯುವವರೆಗೂ ಆ ಹೋಟೆಲಿನ ಮೆಟ್ಟಿಲು ಹತ್ತಲಿಲ್ಲ. ನಿಮ್ಮ ಕೇರಿಯಲ್ಲಿ ಸರಿಯಾಗಿ ಕಂಡವಳು ಆಕೆ ಒಬ್ಬಳೇ.

ವರ್ಷಗಳು ಹೋದವು. ಒಂದು ಮುಂಜಾನೆ ಅದೇ ಬೆಂಚು, ಅದೇ ನಾವಿಬ್ಬರು. ಕೆಲಸಕ್ಕೆ ಹೊಸದಾಗಿ ಸೇರಿದವನಿಗೆ ಗುಟ್ಟು ತಿಳಿಯದು. ಇಬ್ಬರಿಗೂ ಕೈಗೆ ಸಿಕ್ಕ ಗ್ಲಾಸು ಕೊಟ್ಟು ಹೋದ. ನಾನು ಎಂದಿನಂತೆ ಗ್ಲಾಸನ್ನು ತುಸು ಓರೆ ಮಾಡಿ ತಳ ನೋಡಿದೆ. ಚುಕ್ಕೆ ಇತ್ತು. ನಾನೇ ಸುಟ್ಟ ಚುಕ್ಕೆ. ಗ್ಲಾಸನ್ನು ಕೆಳಗಿಟ್ಟೆ.

"ಯಾಕ ಇಟ್ಟಿ?" ಅಂದೆ ನೀನು.

"ಸಕ್ಕರಿ ಜಾಸ್ತಿ ಆಗೈತಿ."

"ಬಾಯಿಗೇ ಹಚ್ಚಿಲ್ಲಲ್ಲೋ ನೀ."

ನೀನು ನಿನ್ನ ಗ್ಲಾಸು ಎತ್ತಿ ಅದರ ಖಾಲಿ ತಳ ನೋಡಿದೆ, ನನ್ನದರ ತಳದ ಚುಕ್ಕೆಯನ್ನೂ ನೋಡಿದೆ. ಉಗುರಿನಿಂದ ಕೆರೆದೆ. ನಿನ್ನ ಮುಖ ನೋಡುವ ಧೈರ್ಯ ಇರಲಿಲ್ಲ, ಆ ಉಗುರನ್ನೇ ನೋಡುತ್ತಿದ್ದೆ. "ಗಾಜಿಗೆ ಮೀನಾ ಹಾಕಾಂವ ಈ ಊರಾಗ ಒಬ್ಬನ ಅದಾನ" ಅಂದೆ ನೀನು. ದನಿ ಏರಿಸಲಿಲ್ಲ. ನಿನ್ನ ಚಹಾ ಕುಡಿದೆ. ನಾನು ಇಟ್ಟಿದ್ದನ್ನೂ ಕುಡಿದೆ. ಎರಡೂ ಗ್ಲಾಸುಗಳನ್ನು ನನ್ನ ಮುಂದೆ ಬೋರಲು ಹಾಕಿ ಎದ್ದು ಹೋದೆ. ಆ ವರ್ಷವೇ ನೀನು ಊರು ಬಿಟ್ಟು ಸಿಂಧನೂರು ಸೇರಿದೆ.

ಚುಕ್ಕೆ ಹಾಕಿದ್ದು ಕಸುಬಿನ ಸೊಕ್ಕಿನಿಂದ ಎಂದು ನನಗೆ ನಾನೇ ಸಬೂಬು ಹೇಳಿಕೊಳ್ಳುತ್ತಿದ್ದೆ. ಆದರೆ ಆ ಮುಂಜಾನೆ ಗ್ಲಾಸು ಕೆಳಗಿಟ್ಟದ್ದು ಯಾವ ಕಸುಬು? ಅದಕ್ಕೆ ನನ್ನ ಹತ್ತಿರ ಉತ್ತರ... ಇದೆ. ನೀನು ಆವತ್ತೇ ಓದಿಕೊಂಡ ಉತ್ತರವೇ.

ಹೋದ ವರ್ಷ ಹೈದರಾಬಾದಿನ ಒಂದು ಪ್ರದರ್ಶನದಲ್ಲಿ ಲೇಸರ್ ಯಂತ್ರ ನೋಡಿದೆ. ಗಾಜಿನ ಲೋಟಕ್ಕೆ ಕಪ್ಪು ಲೇಪ ಬಳಿದರು. ಬೆಳಕಿನ ಎಳೆಯೊಂದು ಓಡಾಡಿತು. ಒದ್ದೆ ಬಟ್ಟೆಯಿಂದ ಒರೆಸಿದರೆ ಉಳಿದ ಲೇಪವೆಲ್ಲ ಹೋಗಿ ಹೆಸರೊಂದು ಕರ್ರಗೆ ನಿಂತಿತ್ತು. "ಎಷ್ಟಾದರೂ ತಿಕ್ಕಿ ನೋಡಿ, ಹೋಗುವುದಿಲ್ಲ" ಎಂದ ಮಾರುವವನು. ಜನ ಚಪ್ಪಾಳೆ ತಟ್ಟಿದರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಊರಿಗೆ ಬರುವ ಬದಲು ನೆಟ್ಟಗೆ ಸಿಂಧನೂರಿಗೆ, ನಿನ್ನ ಮನೆಗೆ ಬಂದೆ — ಇದನ್ನೆಲ್ಲ ಬಾಯಿಬಿಟ್ಟು ಹೇಳಲೆಂದೇ.

ನೀನು ಕೂಡು ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ನಿನ್ನ ಹೆಂಡತಿ ಚಹಾ ತಂದಿಟ್ಟಳು. ಹೇಳಬೇಕಾದ ಮೊದಲ ಮಾತನ್ನು ಹುಡುಕುತ್ತಾ ನಾನು ಗ್ಲಾಸು ಎತ್ತಿದೆ. ಕೈ ತಾನಾಗಿ ಗ್ಲಾಸನ್ನು ಓರೆ ಮಾಡಿತು, ಕಣ್ಣು ತಳ ನೋಡಿತು. ನಿನ್ನ ಮನೆಯಲ್ಲಿ, ಯಲ್ಲಪ್ಪ. ನಿನ್ನ ಎದುರಿಗೇ.

"ತಳದಾಗ ಏನೂ ಇಲ್ರೀ ಅಣ್ಣಾರ," ಅಂದಳು ನಿನ್ನ ಹೆಂಡತಿ. "ಕುಡೀರಿ."

ನೀನು ಎದ್ದು ಒಳಗೆ ಹೋದೆ. ನಾನು ಚಹಾ ಕುಡಿದೆ, ಒಂದು ಮಾತೂ ಆಡದೆ ಎದ್ದು ಬಂದೆ.

ಆಡದ ಮಾತೇ ಇದು. ಮುಂದಿನ ವಾರ ನಮ್ಮೂರಿನ ನಿಮ್ಮ ಕೇರಿಗೆ ಹೋಗಿ, ನನ್ನನ್ನು ಪಾಪದವನು ಎಂದವರ ಮುಂದೆ ನಿಂತು ಇದನ್ನು ಓದುತ್ತೇನೆ. ಅವರು ಚಹಾ ಕೊಡುವುದಿಲ್ಲ. ಕೊಡಬಾರದು.