ಹಳೆಯ ಯಂತ್ರಗಳಿಗಾಗಿ ಫೈಲು ತೆರೆಯುವ ಔಲಿಕ್ಕಿ

ಬೆಳಗಿನ ಆರು ಗಂಟೆ. ಹೆಯ್ನೋಲಾ ಊರು ಇನ್ನೂ ಕಣ್ಣುಜ್ಜಿಕೊಳ್ಳುತ್ತಿರುವಾಗ ಔಲಿಕ್ಕಿ ಪೆಲ್ಕೊನೆನ್ ರಬ್ಬರ್ ಬೂಟು ಮೆಟ್ಟಿಕೊಂಡು ಅಂಗಳ ದಾಟಿ, ಹಬೆಸ್ನಾನದ ಮನೆಯಾದ ಸೌನಾದ ಮುಂಗೋಣೆಯ ದೀಪ ಹಾಕುತ್ತಾರೆ. ಮಿಕ್ಕವರ ಮನೆಗಳಲ್ಲಿ ಈ ಕೋಣೆ ಇರುವುದು ಬಟ್ಟೆ ಬಿಚ್ಚಿಡಲು, ಬೆವರಿಳಿಸಿ ಬಂದು ಒಂದಿಷ್ಟು ಸುಧಾರಿಸಿಕೊಳ್ಳಲು. ಇವರ ಮನೆಯಲ್ಲಿ ಮಾತ್ರ ಬೆಂಚಿನ ಉದ್ದಕ್ಕೂ ಹಳೆಯ ಕಂಪ್ಯೂಟರುಗಳು ಠಿಕಾಣಿ ಹೂಡಿವೆ. ಒಂದೊಂದರದೂ ಒಂದೊಂದು ಕಾಲದ ಆಪರೇಟಿಂಗ್ ಸಿಸ್ಟಮ್. ಗುಂಡಿ ಒತ್ತಿದ ಮೇಲೆ ಅವೆಲ್ಲ ಗೊಣಗುತ್ತ, ಕೆಮ್ಮುತ್ತ ಏಳುವ ಹೊತ್ತಿಗೆ ಔಲಿಕ್ಕಿ ಅವರ ಮೊದಲ ಲೋಟ ಕಾಫಿ ಮುಗಿದಿರುತ್ತದೆ.

ಶನಿವಾರ ಸೌನಾ ಕಾಯಿಸುವ ದಿನ. ಅಂದು ಯಂತ್ರಗಳಿಗೆಲ್ಲ ರಜೆ, ಮೇಲೊಂದು ಹೊದಿಕೆ.

"ವಾರಕ್ಕೆ ಒಂದಿನ ಆದ್ರೂ ನನ್ ಚಡ್ಡಿ ನೇತುಹಾಕೋಕೆ ಒಂದು ಮೊಳೆ ಬಿಡೇ," ಅನ್ನುತ್ತಾರೆ ಗಂಡ ರೈಮೊ.

"ಮೊಳೆ ಇದೆ, ಅದ್ರಲ್ಲಿ ವೈರು ನೇತಾಡ್ತಿದೆ. ನೀನು ಹೊರಗೆ ಮರಕ್ಕೆ ಹಾಕು, ಗಾಳಿ ಆಡ್ಲಿ."

ಔಲಿಕ್ಕಿ ಕಾಗದದ ಕಾರ್ಖಾನೆಯೊಂದರ ಕಂಪ್ಯೂಟರ್ ಕೋಣೆಯಲ್ಲಿ ಅರ್ಧ ಆಯುಷ್ಯ ಕಳೆದವರು. ಕಾರ್ಖಾನೆ ಬಾಗಿಲು ಹಾಕಿದಾಗ ಗುಜರಿಗೆ ಹೊರಟಿದ್ದ ಯಂತ್ರಗಳನ್ನು ಅಳಿಯನ ದೋಣಿ ಸಾಗಿಸುವ ಗಾಡಿಯಲ್ಲಿ ಹೇರಿಕೊಂಡು ಬಂದರು. ಸಂಬಳವಿಲ್ಲ, ಸಾಹೇಬರಿಲ್ಲ. ಆದರೆ ಹಳೆಯ ಯಂತ್ರವನ್ನೇ ನೆಚ್ಚಿಕೊಂಡ ಪ್ರಯೋಗಾಲಯ, ಗ್ರಂಥಾಲಯ, ನೇಯ್ಗೆಮನೆಗಳು ಇನ್ನೂ ಇವೆ. ಹೊಸ ಪ್ರೋಗ್ರಾಂಗಳು ಅಲ್ಲಿಯೂ ಓಡಬೇಕಾದರೆ ನಡುವೆ ಒಂದು ತೇಪೆ ಬೇಕು. ಆ ತೇಪೆ ಹಾಕುವವರು ಇವರು.

ತೇಪೆ ಎಂದರೆ ಏನೆಂದು ಕೇಳಿದರೆ ಅವರು ಅಡುಗೆಮನೆಯ ಭಾಷೆಗೆ ಇಳಿಯುತ್ತಾರೆ. "ಹೊಸ ಸಿಸ್ಟಮ್‌ಗೆ 'ಆ ಕೋಣೇಲಿರೋ ಡಬ್ಬ ತೆಗಿ' ಅಂದ್ರೆ ಕೂತಲ್ಲೇ ತೆಗ್ದುಕೊಡುತ್ತೆ. ಹಳೇದಕ್ಕೆ 'ಆ ಕೋಣೆ' ಅನ್ನೋ ಕರೆಯೇ ಗೊತ್ತಿಲ್ಲ. 'ಇಲ್ಲಿ' ಅಂದ್ರೆ ಮಾತ್ರ ಅರ್ಥ ಆಗುತ್ತೆ. ಅದಕ್ಕೆ ನಾನು ಪ್ರೋಗ್ರಾಂನ ಕೈಹಿಡಿದು ಆ ಕೋಣೆಗೇ ಕರ್ಕೊಂಡ್ಹೋಗಿ, ಡಬ್ಬ ತೆಗೆಸಿ, ವಾಪಸ್ ತಂದು ಕೂರಿಸ್ತೀನಿ. ಪ್ರೋಗ್ರಾಂಗೆ ತಾನು ಎದ್ದು ಹೋಗಿದ್ದೇ ಗೊತ್ತಾಗಲ್ಲ."

ಕೋಣೆ ಎಂದರೆ ಫೋಲ್ಡರ್, ಡಬ್ಬ ಎಂದರೆ ಫೈಲು. ಕಣ್ಣು ಮಿಟುಕಿಸುವುದರೊಳಗೆ ಹೋಗಿ ಬರುವ ಈ ಕೆಲಸ ವರ್ಷಗಟ್ಟಲೆ ಚೆನ್ನಾಗಿಯೇ ನಡೆಯಿತು. ನಡೆಯಿತು ಎಂದೇ ಎಲ್ಲರೂ ನಂಬಿದ್ದರು, ಔಲಿಕ್ಕಿ ಕೂಡ.

ಎರಡು ವರ್ಷದ ಹಿಂದೆ, ಕಾಡಿನಲ್ಲಿ ಲಿಂಗನ್ ಹಣ್ಣು ಕೆಂಪಾಗಿದ್ದ ಕಾಲ. ಅಡುಗೆಮನೆಯಲ್ಲಿ ಬಕೆಟ್ಟುಗಟ್ಟಲೆ ಹಣ್ಣು ಆರಿಸುತ್ತ ಕೂತಿದ್ದಾಗ ಸೂಸ್ಮಾ ಊರಿನಿಂದ ಒಂದು ಫೋನ್ ಬಂತು. ಮಾಡಿದವರು ಮಾರ್ಕೆಟ್ಟಾ ಎಂಬ ನೇಕಾರ್ತಿ. ಅವರ ಮಗ್ಗವನ್ನು ನಡೆಸುವುದು ಒಂದು ಹಳೆಯ ಕಂಪ್ಯೂಟರ್, ಅದರಲ್ಲಿ ಔಲಿಕ್ಕಿ ಅವರ ತೇಪೆ. ಮಾರ್ಕೆಟ್ಟಾ ಅವರ ತಂಗಿ ಹೆಲ್ವಿ ಸಾಯುವ ಮುಂಚೆ ಒಂದು ಹೊದಿಕೆಗೆ ಚಿತ್ತಾರ ಬರೆದಿಟ್ಟಿದ್ದರು. ಇನ್ನೂ ಒಂದು ಎಳೆಯೂ ನೇಯ್ದಿರಲಿಲ್ಲ. ಆ ಫೈಲು ತೆರೆದರೆ ಒಳಗೆ ಬೇರೆ ಯಾವುದೋ ಟವೆಲಿನ ಚಿತ್ತಾರ ಕೂತಿತ್ತು. ರಾತ್ರಿ ತಾನಾಗಿ ಮರುನಕಲಾಗುವ ಪ್ರತಿಯಲ್ಲೂ ಮರುದಿನ ಬೆಳಿಗ್ಗೆ ಅದೇ ಟವೆಲು ಕೂತಿತ್ತು.

"ಹೆಲ್ವಿ ಮಗ ಪೆಟ್ರಿ ಆವತ್ತು ಮಷೀನ್ ಮುಂದೆ ಕೂತಿದ್ದ. ಅವ್ನೇ ಏನಾದ್ರೂ ಒತ್ತಿರ್ಬಹುದಾ?" ಎಂದು ಮಾರ್ಕೆಟ್ಟಾ ಕೇಳಿದ್ದರು.

ಔಲಿಕ್ಕಿ ಹಣ್ಣಿನಿಂದ ಕೈ ತೆಗೆಯಲಿಲ್ಲ. "ಮಷೀನ್ ತಾನಾಗಿ ಹಂಗೆಲ್ಲ ಮಾಡಲ್ಲಮ್ಮಾ, ಯಾರೋ ಮನುಷ್ಯರೇ ಒತ್ತಿರ್ಬೇಕು" ಎಂದು ಹೇಳಿ ಫೋನ್ ಇಟ್ಟರು.

ಈ ಕಸುಬಿನವರಿಗೆಲ್ಲ ಇರುವ ಚಾಳಿ ಅದು. ಏನೇ ಕೆಟ್ಟರೂ ಮೊದಲು ಯಂತ್ರದ ಮುಂದೆ ಕೂತವನ ಬೆರಳಿನ ಮೇಲೆ ಅನುಮಾನ. ಹತ್ತರಲ್ಲಿ ಒಂಬತ್ತು ಸಲ ಅದು ನಿಜವೇ ಆಗಿರುವುದರಿಂದ ಚಾಳಿ ಬಿಡುವುದೂ ಇಲ್ಲ.

ಈ ಮಾರ್ಚಿನಲ್ಲಿ ಪೋರ್ಚುಗಲ್ಲಿನ ಒಂದು ಗ್ರಂಥಾಲಯದಿಂದ ಅದೇ ಬಗೆಯ ದೂರು ಬಂತು. ಈ ಸಲ ಔಲಿಕ್ಕಿ ಸೌನಾದ ಕೋಣೆಯಲ್ಲಿ ಕೂತು ಪರೀಕ್ಷೆ ಮಾಡಿದರು. ಒಂದೇ ಪ್ರೋಗ್ರಾಂ ಏಕಕಾಲಕ್ಕೆ ಎರಡು ಕೆಲಸ ಮಾಡುತ್ತಿದ್ದರೆ ಆ ಎರಡಕ್ಕೂ ನಿಲ್ಲಲು ಇರುವ ಜಾಗ ಒಂದೇ. ಮೊದಲನೆಯದನ್ನು ತೇಪೆ ಬೇರೆ ಫೋಲ್ಡರಿಗೆ ಕರೆದೊಯ್ದ ಆ ಕ್ಷಣದಲ್ಲೇ ಎರಡನೆಯದು 'ಇಲ್ಲಿ ಉಳಿಸು' ಅಂದರೆ, ಫೈಲು ಹೋಗಿ ಕೂರುವುದು ಆ ಬೇರೆ ಫೋಲ್ಡರಿನಲ್ಲಿ. ಅಲ್ಲಿ ಅದೇ ಹೆಸರಿನ ಫೈಲಿದ್ದರೆ ಅದರ ಕಥೆ ಮುಗಿದಂತೆ. ಮೂರನೆಯ ಬೆಳಿಗ್ಗೆ ಅದು ಅವರ ಕಣ್ಣೆದುರೇ ನಡೆಯಿತು.

"ತಲೆ ಮೇಲೆ ಕೈಹೊತ್ಕೊಂಡು ಕೂತ್ಬಿಟ್ಟೆ. ಗ್ರಂಥಾಲಯ ನೆನಪಾಗ್ಲಿಲ್ಲ, ಆ ಪೆಟ್ರಿ ನೆನಪಾದ," ಅನ್ನುತ್ತಾರೆ.

ಈಗ ಅವರ ತೇಪೆ ಮೊದಲಿನಷ್ಟು ಸಲೀಸಲ್ಲ. ಪ್ರೋಗ್ರಾಂ ಏಕಕಾಲಕ್ಕೆ ಎರಡು ಕೆಲಸಕ್ಕೆ ಕೈಹಾಕಿದ್ದು ಕಂಡರೆ, ಫೈಲು ತೆರೆಯಲಾರೆ ಎಂದು ಹೇಳಿ ನಿಂತುಬಿಡುತ್ತದೆ. ನಿನ್ನೆಯವರೆಗೆ ಓಡುತ್ತಿದ್ದುದನ್ನು ಕೆಡಿಸಿದಿರಿ ಎಂದು ದಿನವೂ ಬೈಗುಳ ಬರುತ್ತವೆ. ಔಲಿಕ್ಕಿ ಪ್ರತಿಯೊಂದಕ್ಕೂ ಉತ್ತರ ಕೊಡುತ್ತಾರೆ. ಇದನ್ನು ಮೊದಲೇ ಮಾಡಬಹುದಿತ್ತು, ಮಾಡಲಿಲ್ಲ ಎಂಬ ಸಂಕಟ ಮಾತ್ರ ಯಾವ ಉತ್ತರಕ್ಕೂ ತೀರುವುದಿಲ್ಲ.

ಸೂಸ್ಮಾಕ್ಕೆ ಹೋಗುವುದು ಬೇಡವೆಂದವರು ರೈಮೊ. "ಎರಡು ವರ್ಷ ಆಯ್ತು, ಅವ್ರು ಮರ್ತಿರ್ತಾರೆ. ನೀನ್ಯಾಕೆ ಹೋಗಿ ಹುಣ್ಣು ಕೆರೀತೀಯ?"

"ಫೈಲು ಮರೀಬಹುದು ಕಣೋ. ಒಬ್ಬನ ಮೇಲೆ ಹೊರಿಸಿದ್ದನ್ನ ಮರೀತಾರಾ?"

ಬಸ್ಸಿಳಿದು ನೇಯ್ಗೆಮನೆಯ ಬಾಗಿಲು ತಟ್ಟಿದಾಗ ಮಾರ್ಕೆಟ್ಟಾ ಮಗ್ಗ ನಿಲ್ಲಿಸಿ ಬರುತ್ತಾರೆ. ಮೊದಲು ಕಾಫಿ, ಏಲಕ್ಕಿ ಹಾಕಿದ ಬನ್ನು. ಎರಡನೆಯ ಲೋಟ ಬಗ್ಗಿಸುವವರೆಗೆ ಹವಾಮಾನದ ಮಾತು. ಆಮೇಲೆ ಔಲಿಕ್ಕಿ ಇದ್ದದ್ದನ್ನು ಇದ್ದಹಾಗೆ ಹೇಳುತ್ತಾರೆ. "ಅವತ್ತು ಫೋನಲ್ಲಿ ಹಾಗೆ ಹೇಳ್ದವಳು ನಾನೇ. ನೋಡ್ದೇನೇ ಹೇಳ್ಬಿಟ್ಟೆ. ತಪ್ಪು ನನ್ನ ಕೆಲಸದಲ್ಲಿತ್ತು, ಆ ಹುಡುಗಂದಲ್ಲ."

ಮಾರ್ಕೆಟ್ಟಾ ಬಟ್ಟಲು ಕೆಳಗಿಡುತ್ತಾರೆ. "ಹೆಲ್ವಿದು ಸಿಗುತ್ತಾ?" ಎಂದು ಕೇಳುತ್ತಾರೆ.

"ಇಲ್ಲ. ಸಿಗಲ್ಲ."

"ಎರಡು ಕ್ರಿಸ್ಮಸ್ ಆಯ್ತು, ಅವನು ಈ ಮನೆ ಮೆಟ್ಟಿಲು ಹತ್ತಿ. ನಾನೇ ಅಂದಿದ್ದೆ, ತಾಯಿ ಕಡೇ ಕೆಲಸ ಅಳಿಸ್ದೋನು ನನ್ ಕಣ್ಣೆದುರು ಬರ್ಬೇಡ ಅಂತ." ಮಾರ್ಕೆಟ್ಟಾ ಅವರ ಧ್ವನಿ ಏರುತ್ತದೆ. "ನೀವು ಬರೋಕೆ ಇಷ್ಟು ದಿನ ಬೇಕಾಯ್ತಾ?"

ಎದ್ದು ಹೋಗುವ ಮನಸ್ಸಾದರೂ ಔಲಿಕ್ಕಿ ಕೂತೇ ಇರುತ್ತಾರೆ.

ಮಾರ್ಕೆಟ್ಟಾ ಫೋನ್ ಎತ್ತಿಕೊಳ್ಳುತ್ತಾರೆ. ಮಗ್ಗದ ಸದ್ದಿಗೆ ಕಿವಿ ಮಂದವಾಗಿರುವುದರಿಂದ ಅವರ ಫೋನ್ ಸದಾ ಸ್ಪೀಕರಿನಲ್ಲಿರುತ್ತದೆ. ಆ ಕಡೆ ಮರ ಕೊಯ್ಯುವ ಗರಗಸದ ಸದ್ದು, ಮಧ್ಯೆ ಒಬ್ಬ ಗಂಡಸಿನ ದನಿ.

"ಪೆಟ್ರಿ, ನಾನು ಕಣೋ, ದೊಡ್ಡಮ್ಮ. ಅದನ್ನ ನೀನು ಅಳಿಸ್ಲಿಲ್ಲ ಅಂತ ಈಗ ಗೊತ್ತಾಯ್ತು."

ಗರಗಸದ ಸದ್ದು ದೂರವಾಗುತ್ತದೆ. ಅವನು ಹೊರಗೆ ಬಂದಿರಬೇಕು.

"ಆವತ್ತೇ ಹೇಳಿದ್ನಲ್ಲ ದೊಡ್ಡಮ್ಮ, ಮುಟ್ಟೇ ಇಲ್ಲ ಅಂತ. ಅಮ್ಮನ ಕೆಲಸ ನಾನು ಅಳಿಸ್ತೀನಾ? ನೀನು ನನ್ ಮುಖಾನೂ ನೋಡ್ಲಿಲ್ಲ. ಯಾರೋ ಏನೋ, ಊರಿಲ್ಲ ಹೆಸರಿಲ್ಲ, ಫೋನಲ್ಲಿ ಹೇಳಿದ್ರು ಅಂತ ಅದನ್ನ ನಂಬ್ದೆ."

ಮಾರ್ಕೆಟ್ಟಾ ಫೋನ್ ಹಿಡಿದ ಕೈಯನ್ನು ಮೇಜಿನ ಮೇಲೆ ಇಳಿಸುತ್ತಾರೆ. ಇಷ್ಟು ವರ್ಷದಲ್ಲಿ ಯಾರೂ ಔಲಿಕ್ಕಿ ಅವರ ಹೆಸರು ಕೇಳಿದ್ದಿಲ್ಲ, ಹೇಳಿಕೊಳ್ಳಬೇಕೆಂದು ಅವರಿಗೂ ಅನಿಸಿದ್ದಿಲ್ಲ. ಅವರು ಬಟ್ಟಲನ್ನು ಪಕ್ಕಕ್ಕೆ ಸರಿಸಿ ಕೈ ಚಾಚುತ್ತಾರೆ.

"ಇಲ್ಲಿ ಕೊಡಿ, ಮಾರ್ಕೆಟ್ಟಾ. ನಾನು ಯಾರು ಅಂತ ಅವ್ರಿಗೆ ಹೇಳ್ಬೇಕು."