ಅತ್ತೆ ಕಾಯುತ್ತಿದ್ದ ಎರಡು ಗಂಟೆ

ನಮ್ಮ ಮನೆಯಲ್ಲಿ ನನಗೆ ವಾರಕ್ಕೆ ಎರಡು ಗಂಟೆ ಬಿಡುವು ಸಿಕ್ಕಿದ್ದು ಒಂದು ಸುಳ್ಳಿನಿಂದ. ಭಾನುವಾರ ಮಧ್ಯಾಹ್ನ ಎರಡರಿಂದ ನಾಲ್ಕು. ಊಟದ ತಟ್ಟೆ ಎತ್ತಿದ ಮೇಲೆ ನಾನು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದೆ. ನನ್ನ ಅತ್ತೆ ಬಾಗಿಲ ಹೊರಗೆ ಮೊರದಲ್ಲಿ ಬೆಳ್ಳುಳ್ಳಿಯನ್ನೋ ಅವರೆಕಾಯಿಯನ್ನೋ ಇಟ್ಟುಕೊಂಡು ಕೂರುತ್ತಿದ್ದರು. ಅಕ್ಕಪಕ್ಕದವರು ಯಾರೇ ಬಂದರೂ ಅವರದು ಒಂದೇ ಮಾತು.

"ಓದ್ತಾ ಇದಾಳೆ ಕಣ್ರೀ. ನಾಕು ಗಂಟೆ ಮೇಲೆ ಬನ್ನಿ."

ನಾನು ಓದುತ್ತಿರಲಿಲ್ಲ. ಕಾಮಿಕ್ಸ್ ಬರೆಯುತ್ತಿದ್ದೆ.

ಅಜ್ಜಂಪುರದ ಒಂದು ಖಾಸಗಿ ಶಾಲೆಯಲ್ಲಿ ಮೂರನೇ ತರಗತಿಗೆ ಪಾಠ ಹೇಳುವ, ಮೂವತ್ತೈದು ದಾಟಿದ ಹೆಂಗಸು ಕಾಮಿಕ್ಸ್ ಬರೆಯುತ್ತಾಳೆ ಎಂದರೆ ನಿಮಗೂ ನಗು ಬರಬಹುದು. ನಕ್ಕರೆ ನನಗೆ ಈಗಲೂ ಮೈ ಉರಿಯುತ್ತದೆ. ಚಿಕ್ಕಂದಿನಲ್ಲಿ ನೋಟುಪುಸ್ತಕದ ಹಿಂದಿನ ಹಾಳೆಗಳಲ್ಲಿ ಬರೆಯುತ್ತಿದ್ದೆ. ಮದುವೆಯಾದ ಮೇಲೆ ಅಷ್ಟಕ್ಕೂ ಪುರುಸೊತ್ತು ಸಿಗಲಿಲ್ಲ. ಒಂದು ದಿನ ಧೈರ್ಯ ಮಾಡಿ ಗಂಡನ ಹತ್ತಿರ, ಭಾನುವಾರ ಎರಡು ಗಂಟೆ ಹೊತ್ತು ನನ್ನನ್ನು ಯಾರೂ ಕರೆಯಬೇಡಿ, ನಾನು ಚಿತ್ರ ಬರೆಯಬೇಕು ಎಂದೆ. ಅವರು ತರೀಕೆರೆಯಲ್ಲಿ ಟ್ರ್ಯಾಕ್ಟರ್ ಸಾಮಾನಿನ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾರೆ. ಕೆಟ್ಟ ಮನುಷ್ಯರೇನಲ್ಲ. "ಗೊಂಬೆ ಬರೆಯಕ್ಕೂ ಟೈಮ್ ಬೇಕೇನೇ?" ಎಂದು ನಕ್ಕು ಫೋನು ನೋಡತೊಡಗಿದರು.

ಆ ನಗುವಿನ ಸಿಟ್ಟಿಗೇ ಇರಬೇಕು, ಮುಂದಿನ ವಾರ ಊಟಕ್ಕೆ ಕೂತಾಗ, ಸರ್ಕಾರಿ ಶಿಕ್ಷಕರ ಪರೀಕ್ಷೆಗೆ ಓದಬೇಕೆಂದಿದ್ದೇನೆ ಎಂದುಬಿಟ್ಟೆ. ಟಿವಿಯ ಸದ್ದು ಆ ಕ್ಷಣವೇ ಇಳಿಯಿತು. ಅತ್ತೆ ಒಳಕೋಣೆಯಲ್ಲಿದ್ದ ಅಕ್ಕಿ, ರಾಗಿ ಡಬ್ಬಗಳನ್ನು ತಾವೇ ಎಳೆದು ಹೊರಗಿಟ್ಟು, ಕಿಟಕಿ ಕೆಳಗೆ ಒಂದು ಮೇಜು ಹಾಕಿಸಿದರು. ಗಂಡ ಹೇಳದೆಯೇ ಬಲ್ಬು ಬದಲಾಯಿಸಿದರು. ಪರೀಕ್ಷೆ ಎಂಬ ಮಾತಿಗೆ ಇಷ್ಟು ಬೆಲೆ ಇದೆಯೆಂದು ಗೊತ್ತಿದ್ದರೆ ಹತ್ತು ವರ್ಷ ಮೊದಲೇ ಸುಳ್ಳು ಹೇಳುತ್ತಿದ್ದೆನಲ್ಲ ಎಂದು ಆಗ ಒಳಗೊಳಗೇ ನಕ್ಕಿದ್ದೆ.

ನನ್ನ ಕಥೆಯಲ್ಲಿ ಒಬ್ಬ ಮುದುಕಿ. ದಿನಾ ಅಜ್ಜಂಪುರದಿಂದ ಕಡೂರಿಗೆ ಬಸ್ಸು ಹತ್ತುತ್ತಾಳೆ. ಕಡೂರಿನಲ್ಲಿ ಅವಳಿಗೆ ನೆಂಟರಿಲ್ಲ, ಕೆಲಸವಿಲ್ಲ, ಮಾರುವುದಕ್ಕೂ ಕೊಳ್ಳುವುದಕ್ಕೂ ಏನೂ ಇಲ್ಲ. ಕಿಟಕಿ ಪಕ್ಕದ ಸೀಟಿಗಾಗಿ ಜಗಳವಾಡಿ, ಗೆದ್ದು, ಕೂತು, ಹೋಗಿ, ಮುಂದಿನ ಬಸ್ಸಿಗೆ ವಾಪಸು ಬರುತ್ತಾಳೆ. ಅಷ್ಟೇ. ಒಂದು ಪುಟಕ್ಕೆ ಆರು ಚೌಕ. ಎರಡು ಗಂಟೆಯಲ್ಲಿ ನನಗೆ ಮೂರು ಚೌಕ ಮುಗಿದರೆ ಹೆಚ್ಚು, ಹಾಗಾಗಿ ಒಂದು ಪುಟಕ್ಕೆ ಎರಡು ವಾರ ಬೇಕಾಗುತ್ತಿತ್ತು. ಹಬ್ಬ, ನೆಂಟರು, ಜ್ವರ ಬಂದರೆ ಅದೂ ಇಲ್ಲ.

ಒಮ್ಮೆ ಒಂದು ಹಾಳೆ ಮೇಜಿನ ಮೇಲೆಯೇ ಉಳಿದುಹೋಗಿತ್ತು. ಅತ್ತೆ ಅದನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಅವರಿಗೆ ಓದು ಅಷ್ಟಕ್ಕಷ್ಟೇ, ಅಕ್ಷರ ಕೂಡಿಸಿ ಕೂಡಿಸಿ ಓದುತ್ತಾರೆ.

"ಇದೂ ಪರೀಕ್ಷೆಗೆ ಬರ್ತದಾ?"

"ಹೂಂ ಅತ್ತೆ. ಮಕ್ಕಳಿಗೆ ಚಿತ್ರ ಬರೆದು ಪಾಠ ಮಾಡೋದು ಹೆಂಗೆ ಅಂತ ಕೇಳ್ತಾರೆ."

ಇನ್ನೂ ಸ್ವಲ್ಪ ಹೊತ್ತು ನೋಡಿದರು. "ಸೆರಗು ಸರಿಯಿಲ್ಲ ಕಣೇ. ಬಸ್ಸಿಗೆ ಹೋಗೋಳು ಸೆರಗು ಹಿಂಗೆ ಇಳೀಬಿಡ್ತಾಳಾ? ಸುತ್ತಿ ಸೊಂಟಕ್ಕೆ ಸಿಕ್ಕಿಸ್ಕೊತಾಳೆ. ಇಲ್ದಿದ್ರೆ ಬಾಗ್ಲಿಗೆ ಸಿಕ್ಕಾಕ್ಕೊಳ್ಳುತ್ತೆ." ತಮ್ಮ ಸೆರಗನ್ನೇ ಸಿಕ್ಕಿಸಿ ತೋರಿಸಿದರು. ಅವರು ಹೋದ ಮೇಲೆ ಅಷ್ಟೂ ಪುಟಗಳಲ್ಲಿ ಸೆರಗು ತಿದ್ದುತ್ತಾ ಕೂತೆ. ನನ್ನ ಕೆಲಸವನ್ನು ಅಷ್ಟು ಗಮನವಿಟ್ಟು ನೋಡಿ ತಪ್ಪು ಹೇಳಿದವರು ಅವರೊಬ್ಬರೇ.

ನನ್ನನ್ನು ಬಿಟ್ಟರೆ ನಿಜ ಗೊತ್ತಿದ್ದವರು ತರೀಕೆರೆಯ ಜೆರಾಕ್ಸ್ ಅಂಗಡಿಯ ಸಾಬರೊಬ್ಬರೇ. ಅಜ್ಜಂಪುರದಲ್ಲಿ ಜೆರಾಕ್ಸ್ ಮಾಡಿಸಿದರೆ ಸಂಜೆಯೊಳಗೆ ಊರಿಗೆಲ್ಲ ಸುದ್ದಿ. ಹಾಗಾಗಿ ಶಾಲೆಯ ಪ್ರಶ್ನೆಪತ್ರಿಕೆಯ ನೆಪ ಹೇಳಿ ಅಲ್ಲಿಗೆ ಹೋಗುತ್ತಿದ್ದೆ. ಮಧ್ಯ ಮಡಚಿ ಪಿನ್ನು ಹೊಡೆಯುವ ಪುಸ್ತಕದ ಪುಟಗಳು ನಾಲ್ಕರ ಲೆಕ್ಕದಲ್ಲೇ ಇರಬೇಕೆಂದು ಕಲಿಸಿದ್ದು ಅವರೇ. ಹೆಂಡತಿಯ ಫೋನು ಬಂದರೆ ದಖನಿ ಉರ್ದುವಿನಲ್ಲಿ ಎರಡು ಮಾತಾಡಿ ಇಟ್ಟು, ನನ್ನ ಹಾಳೆಯನ್ನು ಗಾಜಿನ ಮೇಲೆ ಕೂದಲೆಳೆಯಷ್ಟೂ ಓರೆಯಾಗದಂತೆ ಇಡುತ್ತಿದ್ದರು. "ಮನೇಲಿ ತೋರ್ಸಿದ್ರಾ ಮೇಡಂ?" ಎಂದು ಪ್ರತಿ ಸಲವೂ ಕೇಳುತ್ತಿದ್ದರು. ಪುಸ್ತಕ ಮುಗೀಲಿ ಎನ್ನುತ್ತಿದ್ದೆ.

ಮೊದಲ ವರ್ಷ ಪರೀಕ್ಷೆಯ ದಿನ ಕಡೂರಿಗೆ ಒಬ್ಬಳೇ ಹೋಗಿ, ರೈಲ್ವೆ ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಇಡೀ ದಿನ ಕೂತು ಕಾಮಿಕ್ಸ್ ಬರೆದು ಬಂದೆ. ನನ್ನ ಬದುಕಿನಲ್ಲಿ ಯಾರೂ ಕರೆಯದ ಒಂದು ಪೂರ್ತಿ ದಿನ ಅದು. ಮನೆಗೆ ಬಂದು, ಪೇಪರ್ ಕಷ್ಟ ಇತ್ತು ಎಂದೆ. ಫೇಲಾಯಿತು ಎಂದು ಮುಂದೆ ಇನ್ನೊಂದು ಸುಳ್ಳು. ಅತ್ತೆ ತಲೆ ಸವರಿದರು.

ಅದಾದ ಕೆಲವು ತಿಂಗಳಿಗೆ, ಒಂದು ಮಂಗಳವಾರ ಅತ್ತೆಯ ಜೊತೆ ಅಂತರಘಟ್ಟೆಯ ದೇವಿಯ ಗುಡಿಗೆ ಹೋಗಿದ್ದೆ. ಅಮ್ಮನ ದರ್ಶನ ಮುಗಿಸಿ ಹೊರಬಂದು ಹೋಟೆಲಿನಲ್ಲಿ ಮರೆತು ಎರಡು ಕಾಫಿ ಹೇಳಿದೆ. ಒಂದೇ ಸಾಕು ಎಂದರು. ಅವರು ಕಾಫಿ ಬಿಟ್ಟು ಆಗಲೇ ವರ್ಷದ ಮೇಲಾಗಿತ್ತು. ಹೊಟ್ಟೆಯುರಿ ಎಂದಿದ್ದನ್ನು ನಾನು ನಂಬಿದ್ದೆ. ಬೆಳಿಗ್ಗೆ ಒಂದು ಲೋಟ ಕಾಫಿ ಒಳಗೆ ಹೋಗದೆ ಯಾರ ಜೊತೆಯೂ ಬಾಯಿ ಬಿಡದಿದ್ದ ಹೆಂಗಸು ಅವರು.

"ಇಷ್ಟು ದಿನ ಆಯ್ತು, ಹೊಟ್ಟೆ ಸರಿಹೋಗಿಲ್ವಾ ಅತ್ತೆ?"

"ಹೊಟ್ಟೆಗೆ ಏನಾಗೈತೆ. ನೀನು ಪಾಸಾಗೋ ಗಂಟ ಕಾಫಿ ಮುಟ್ಟಲ್ಲ ಅಂತ ಅಮ್ಮನಿಗೆ ಹೇಳ್ಕೊಂಡಿದೀನಿ. ನಿನಗೆ ಹೇಳಿದ್ರೆ ಓದೋವಾಗ ಮನಸ್ಸು ಅತ್ತಿತ್ತ ಹೋಗುತ್ತೆ ಅಂತ ಸುಮ್ನಿದ್ದೆ."

ನನ್ನ ಮುಂದೆ ಕಾಫಿ ಇತ್ತು. ಅವತ್ತೇ ಹೇಳಬೇಕಿತ್ತು. ಹೇಳಿದರೆ ಭಾನುವಾರದ ಎರಡು ಗಂಟೆ ಹೋಗುತ್ತದೆ, ಇನ್ನು ಏಳೇ ಪುಟ ಬಾಕಿ ಇದೆ ಎಂದು ಯೋಚಿಸಿದೆ. ಯೋಚಿಸಿ ಕಾಫಿ ಕುಡಿದೆ. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ. ಗೊತ್ತಿಲ್ಲದೆ ಮಾಡಿದ ತಪ್ಪಾಗಿದ್ದರೆ ಹೇಗೋ ಸಮಾಧಾನ ಹೇಳಿಕೊಳ್ಳುತ್ತಿದ್ದೆ.

ಇಪ್ಪತ್ತು ಪುಟ ಮುಗಿಯಿತು. ತರೀಕೆರೆಯಲ್ಲಿ ಒಂದು ಕಟ್ಟು ಪುಸ್ತಕ ಮಾಡಿಸಿದೆ. ಫೋನಿನಲ್ಲಿ ಪರಿಚಯವಾದ, ಮುಖ ನೋಡಿಲ್ಲದ ಕೆಲವರಿಗೆ ಅಂಚೆಯಲ್ಲಿ ಕಳಿಸಿದೆ. ಚೆನ್ನಾಗಿದೆ ಎಂದು ಒಂದಿಬ್ಬರು ಬರೆದರು. ಮನೆಯಲ್ಲಿ ತೋರಿಸಲಿಲ್ಲ. ಅಷ್ಟರಲ್ಲಿ ಎರಡನೇ ಪರೀಕ್ಷೆ ಬಂದಿತ್ತು.

ಈ ಸಲ ಅತ್ತೆ ಬೆಳಿಗ್ಗೆಯೇ ತಲೆಗೆ ನೀರು ಹಾಕಿಕೊಂಡು, ವಿಭೂತಿ ಇಟ್ಟುಕೊಂಡು, ಬುತ್ತಿ ಕಟ್ಟಿ ನಿಂತಿದ್ದರು. "ನಾನೂ ಬತ್ತೀನಿ. ಗೇಟ್ ಹತ್ರ ಕೂತಿರ್ತೀನಿ. ಹೋದ್ಸಲ ಒಬ್ಳನ್ನೇ ಕಳ್ಸಿದ್ದಕ್ಕೇ ಹಂಗಾಯ್ತು." ಬೇಡವೆನ್ನಲು ಹತ್ತು ಕಾರಣ ಹೇಳಿದೆ. ಒಂದೂ ನಡೆಯಲಿಲ್ಲ. ಬಸ್ಸಿನಲ್ಲಿ ಕಿಟಕಿ ಸೀಟಿನ ಮೇಲೆ ಯಾರೋ ಇಟ್ಟಿದ್ದ ಟವೆಲನ್ನು ಎತ್ತಿ ಪಕ್ಕಕ್ಕಿಟ್ಟು ತಾವು ಕೂತರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು.

ಕಡೂರಿನಲ್ಲಿ ಇಳಿದು ಪರೀಕ್ಷೆ ನಡೆಯುವ ಕಾಲೇಜಿನವರೆಗೆ ನಡೆದೆವು. ಗೇಟಿನಲ್ಲಿ ಎಲ್ಲರ ಕೈಯಲ್ಲೂ ಹಾಲ್ ಟಿಕೆಟ್. ನಾನು ಅರ್ಜಿಯನ್ನೇ ಹಾಕಿರಲಿಲ್ಲ. ಒಬ್ಬೊಬ್ಬರೇ ಒಳಗೆ ಹೋದರು, ಬೆಲ್ಲೂ ಹೊಡೆಯಿತು. "ಹೋಗೇ, ಹೊತ್ತಾಯ್ತು" ಎಂದು ಅತ್ತೆ ಬೆನ್ನು ತಳ್ಳಿದರು. ನಾನು ಪಕ್ಕಕ್ಕೆ ಸರಿದು ನಿಂತೆ. ಗೇಟು ಹಾಕಿದ ಮೇಲೆ, ಕಾಂಪೌಂಡಿನ ಕಟ್ಟೆಯ ಮೇಲೆ ಅವರನ್ನು ಕೂರಿಸಿ ಎಲ್ಲ ಹೇಳಿದೆ. ಮೊದಲ ವರ್ಷದ್ದು, ಸ್ಟೇಷನ್ನಿನದು, ಭಾನುವಾರಗಳದ್ದು. ಚೀಲದಲ್ಲಿದ್ದ ಪುಸ್ತಕವನ್ನೂ ಕೈಗಿಟ್ಟೆ.

ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ಅವರು ಪುಸ್ತಕ ಬಿಚ್ಚಿ, ಬೆರಳಿಟ್ಟು ಅಕ್ಷರ ಕೂಡಿಸುತ್ತಾ ಮೊದಲಿಂದ ಕೊನೆಯವರೆಗೂ ಓದಿದರು. ಗಂಟೆಯ ಮೇಲೆ ಹಿಡಿಯಿತು.

"ನಾನು ಇಷ್ಟು ಜಗಳಗಂಟೀನಾ?" ಎಂದರು.

ನಾನು ಚೀಲದ ಬಾಯಿ ಕಟ್ಟಿದೆ.

"ಸೆರಗು ಸರಿ ಮಾಡಿದೀಯ." ಪುಸ್ತಕ ಮಡಚಿ ನನ್ನ ತೊಡೆಯ ಮೇಲಿಟ್ಟರು. "ಈಗ್ಲೇ ಮನೆಗೆ ಹೋದ್ರೆ ಅವನು ಕೇಳ್ತಾನೆ. ಪರೀಕ್ಷೆ ಬಿಡೋ ಗಂಟ ಇಲ್ಲೇ ಕೂರಾಣ."

ಕೂತೆವು. ಬುತ್ತಿ ಬಿಚ್ಚಿ ಇಬ್ಬರೂ ಚಿತ್ರಾನ್ನ ತಿಂದೆವು. ರಸ್ತೆಯಾಚೆಯ ಹೋಟೆಲಿನಿಂದ ಕಾಫಿ ತಂದು ಅವರ ಮುಂದೆ ಹಿಡಿದೆ. "ಇನ್ನಾದ್ರೂ ಕುಡೀರಿ ಅತ್ತೆ. ಪರೀಕ್ಷೇನೇ ಇಲ್ಲ, ಹರಕೆ ಇನ್ಯಾಕೆ?"

"ನಾನು ಮಾತು ಕೊಟ್ಟಿರೋದು ಅಮ್ಮನಿಗೆ ಕಣೇ. ನಿನಗಲ್ಲ."

ಕಾಫಿ ಕಟ್ಟೆಯ ಮೇಲೆ ಆರಿ ಕೆನೆಕಟ್ಟಿತು. ಸಂಜೆ ಮನೆಯಲ್ಲಿ ಗಂಡ ಕೇಳಿದಾಗ, "ಚೆನ್ನಾಗಿ ಬರೆದವ್ಳಂತೆ, ನೋಡಾಣ" ಎಂದು ಅತ್ತೆಯೇ ಹೇಳಿ ಅಡುಗೆಮನೆಗೆ ಹೋದರು.

ಮುಂದಿನ ಭಾನುವಾರ ಎಂದಿನಂತೆ ಮೊರ ಹಿಡಿದು ಬಾಗಿಲ ಹೊರಗೆ ಕೂತರು. ಎದುರುಮನೆಯವರು ಬಂದರು. "ಓದ್ತಾ ಇದಾಳೆ ಕಣ್ರೀ" ಎಂದರು ಅತ್ತೆ, ಅದೇ ಮಾತು, ಅದೇ ದನಿ. ಮುಂಚೆ ಅದು ಅವರ ಪಾಲಿಗೆ ನಿಜವಾಗಿತ್ತು. ಈಗ ನನಗಾಗಿ ಸುಳ್ಳು ಹೇಳುತ್ತಿದ್ದರು. ಒಳಗೆ ಹಾಳೆಯ ಮುಂದೆ ಕೂತ ನನ್ನ ಕೈ ಆಡಲಿಲ್ಲ. ಎರಡು ವಾರ ಹಾಗೇ ಕೂತೆ. ಮೂರನೇ ವಾರ ಪರೀಕ್ಷೆಯ ಗೈಡು ಕೊಂಡು ತಂದೆ.

ಈಗ ನಿಜವಾಗಿಯೇ ಓದುತ್ತಿದ್ದೇನೆ. ಈ ಸಲ ಅರ್ಜಿಯನ್ನೂ ಹಾಕಿದ್ದೇನೆ. ತಲೆಗೆ ಏನೂ ಹತ್ತುವುದಿಲ್ಲ. ನಾನು ಪಾಸಾಗುವವರ ಪೈಕಿಯಲ್ಲ ಎಂಬುದು ನನಗೆ ಗೊತ್ತಿದೆ, ಆದರೂ ಪುಟ ತಿರುವುತ್ತೇನೆ. ಮುಂದಿನ ಪುಸ್ತಕ ಯಾವಾಗ ಎಂದು ತರೀಕೆರೆಯ ಸಾಬರು ಒಮ್ಮೆ ಫೋನು ಮಾಡಿದ್ದರು. ಪರೀಕ್ಷೆ ಇದೆ ಎಂದೆ. "ಆಗ್ಲಿ ಮೇಡಂ" ಎಂದು ಅವರು ಫೋನು ಇಟ್ಟರು.

ಈಗೀಗ ಮೂರು ಗಂಟೆಗೆ ಅತ್ತೆ ಬಾಗಿಲು ಸರಿಸಿ ನನಗೆ ಕಾಫಿ ತರುತ್ತಾರೆ. ಒಂದೇ ಲೋಟ, ಅವರ ಹರಕೆ ಇನ್ನೂ ಇದೆ. ಹೋದ ಭಾನುವಾರ ಲೋಟವನ್ನು ಗೈಡಿನ ಪಕ್ಕದಲ್ಲಿಟ್ಟು, ಮೇಜಿನ ಮೇಲೆಲ್ಲ ಕಣ್ಣಾಡಿಸಿದರು.

"ಆ ಮುದುಕಿ ಎಲ್ಲಿ ಹೋದ್ಲೇ?"

"ಬಸ್ ಇಳಿದ್ಲು ಅತ್ತೆ."

ಅತ್ತೆ ಬಾಗಿಲು ಎಳೆದುಕೊಂಡು ಹೋಗಿ ಹೊರಗೆ ಕೂತರು.